ಜೀಪಿನಿಂದ ಇಳಿಯದ ತಮ್ಮ

ಹಿಸ್ಸೆ ಜಗಳದಲ್ಲಿ ಹನ್ನೆರಡು ವರ್ಷ ಮಾತು ಬಿಟ್ಟ ಅಣ್ಣ ತಮ್ಮ. ಸಾಗರದ ಕಡೆಯಿಂದ ಬಂದ ಇಬ್ಬರೂ ಶರಾವತಿಯ ಲಿಂಗನಮಕ್ಕಿ ಹಿನ್ನೀರಿನ ದಡದ ಹೊಳೆಬಾಗಿಲಿನಲ್ಲಿ, ಜನ ವಾಹನ ಎರಡನ್ನೂ ದಾಟಿಸುತ್ತಿದ್ದ ಲಾಂಚಿನ ಸಂಜೆಯ ಕೊನೆಯ ಸರದಿಗೆ ಹತ್ತುತ್ತಾರೆ. ಆಚೆ ದಡದಲ್ಲಿ, ತುಮರಿ ಕಡೆ ಅವರ ಮನೆ. ಹೊಳೆ ದಾಟುವಷ್ಟರಲ್ಲಿ ಒಂದು ಮಾತು ಹುಟ್ಟಬೇಕು. ನಾನು ಬರೆದ ಕತೆ ಅಷ್ಟೇ.

ಪತ್ರಿಕೆಯೊಂದಕ್ಕೆ ಕಳಿಸಿದೆ, ವಾಪಸ್ ಬಂತು. ಓದಿದ ಗೆಳೆಯ, "ಇವರು ಯಾಕೆ ಮಾತಾಡಿದ್ರು ಅಂತ್ಲೇ ಗೊತ್ತಾಗಲ್ಲ ಮಾರಾಯ" ಅಂದ.

ಪಾತ್ರ ಗಟ್ಟಿ ಇಲ್ಲ ಅಂದುಕೊಂಡೆ. ತಮ್ಮನಿಗೆ ಸಾಲ, ಅಣ್ಣನಿಗೆ ಸಕ್ಕರೆ ಕಾಯಿಲೆ ಕೊಟ್ಟೆ. ಹಿಸ್ಸೆ ಪಂಚಾಯ್ತಿಗೆ ಎರಡು ಪುಟ ಹೋಯಿತು. ಕತೆ ಉದ್ದ ಆಯಿತೇ ಹೊರತು ಜೀವ ಬರಲಿಲ್ಲ.

ತಪ್ಪು ಇದ್ದದ್ದು ಮಳೆಯಲ್ಲಿ. ಮಲೆನಾಡಿನ ಕತೆ ಅಂದರೆ ಮಳೆ ಸುರಿಯಲೇಬೇಕು ಅನ್ನೋ ಚಟ ನಮಗೆ! ಹೊಳೆ ತುಂಬಿದ್ದರೆ ಲಾಂಚಿಗೆ ಬಸ್ಸು, ಕಾರು, ಜೀಪು ಎಲ್ಲ ಹತ್ತುತ್ತಿದ್ದವು. ನನ್ನ ತಮ್ಮ ಜೀಪಿನೊಳಗೆ ಬೆಚ್ಚಗೆ ಕೂತಿದ್ದ. ಅವನು ಯಾಕೆ ಇಳಿದು ಅಣ್ಣನ ಮುಖ ನೋಡಬೇಕು? ನಾನೇ ಕೈ ಹಿಡಿದು ಎಳೆದು ಇಳಿಸಿದ್ದೆ. ಗೆಳೆಯನಿಗೆ ಕಂಡದ್ದು ಅದೇ.

ಕತೆಯನ್ನು ಮೇ ತಿಂಗಳಿಗೆ ತಂದೆ. ಲಿಂಗನಮಕ್ಕಿ ಹಿನ್ನೀರು ತೀರಾ ಇಳಿದ ವರ್ಷ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ, ಜನ ಮಾತ್ರ. ಜೀಪು ಈಚೆ ದಡದಲ್ಲೇ ಉಳಿಯಿತು. ತಮ್ಮ ಕಂಬಿ ಹಿಡಿದು ನಿಲ್ಲಲೇಬೇಕಾಯಿತು. ಬೆನ್ನು ತಿರುಗಿಸಬಹುದು, ಬಿಟ್ಟು ಹೋಗಲು ಜಾಗ ಇಲ್ಲ.

ನಾನು ಲೆಕ್ಕ ಹಾಕದ ಇನ್ನೊಂದು ಲಾಭವೂ ಆಯಿತು. ನೀರು ಇಳಿದಾಗ ಅಲ್ಲಿ ಹಳೇ ಮರದ ಬೊಡ್ಡೆಗಳು ಮೇಲೆ ಕಾಣುತ್ತವೆ. 1964ರಲ್ಲಿ ಮುಗಿದ ಅಣೆಕಟ್ಟಿಗೆ ಮುಳುಗಿದ ನೆಲ ಅದು. ಇವರಿಬ್ಬರು ಕಚ್ಚಾಡುವುದು ಆಚೆ ದಡದ ಎಕರೆಗಟ್ಟಲೆ ನೆಲಕ್ಕೆ, ಅಜ್ಜನ ತೋಟ ಕಾಲ ಕೆಳಗೆ ನೀರಿನಲ್ಲಿ. ಪಂಚಾಯ್ತಿಯ ಎರಡು ಪುಟ ಕಿತ್ತು ಹಾಕಿದೆ.

ಹೇಳುವವನೂ ಬದಲಾದ. ಇಬ್ಬರ ಮನಸ್ಸನ್ನೂ ನಾನೇ ಮೊದಲು ಬಿಚ್ಚಿಟ್ಟರೆ ಓದುವವರು ಆ ಮಾತಿಗೆ ಯಾಕೆ ಕಾಯಬೇಕು, ಅಲ್ವಾ? ಲಾಂಚಿನಲ್ಲಿ ಹಗ್ಗ ಕಟ್ಟುವ ಹುಡುಗನಿಗೆ ಕತೆ ಒಪ್ಪಿಸಿದೆ. ಅವನಿಗೆ ಹಿಸ್ಸೆ ಗಿಸ್ಸೆ ಗೊತ್ತಿಲ್ಲ. ಕಾಣುವುದು ಒಂದೇ ಥರದ ಮೂಗಿನ ಇಬ್ಬರು, ನಡುವೆ ಒಂದು ಖಾಲಿ ಹಾಲಿನ ಕ್ಯಾನು. ಕೊನೆಗೆ ಅವನ ಕಿವಿಗೆ ಬಿದ್ದದ್ದು ಇಷ್ಟು:

"ಅಜ್ಜನ ತೋಟ ಇಲ್ಲೇ ಎಲ್ಲೋ ಅಲ್ವನಾ?"

"ಇನ್ನೂ ಆಚೆ."

ಮೊದಲು ಈ ಜಾಗದಲ್ಲಿ ಕಣ್ಣೀರು, ಅಪ್ಪುಗೆ ಎಲ್ಲ ಇತ್ತು. ನೆನೆದರೆ ನಾಚಿಕೆಯಾಗುತ್ತದೆ.

2025ರ ಜುಲೈ 14ಕ್ಕೆ ಇದೇ ಹಿನ್ನೀರು ದಾಟುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಆಚೆಯವರು ಲಾಂಚಿಗೆ ಕಾದು ಕಾದು ಸಾಕಾಗಿದ್ದವರು, ನನಗೂ ಖುಷಿಯೇ. ಕತೆಯನ್ನೂ ಈಗಿನ ಕಾಲಕ್ಕೆ ತರೋಣ ಅಂತ ಸುಮ್ನೆ ಒಂದು ಕೈ ನೋಡಿದೆ. 2.44 ಕಿಲೋಮೀಟರ್ ಸೇತುವೆ, ಜೀಪು ಮೂರ್ನಾಲ್ಕು ನಿಮಿಷಕ್ಕೆ ದಾಟಿಬಿಟ್ಟಿತು. ಅಣ್ಣ ಹಿಂದಿನ ಬಸ್ಸಿನಲ್ಲಿ. ಹಗ್ಗದ ಹುಡುಗನಿಗೆ ಕೆಲಸವೇ ಇಲ್ಲ. ಬೊಡ್ಡೆಗಳು ಅಷ್ಟು ಎತ್ತರದಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಒಂದು ಸಾಲೂ ಉಳಿಯಲಿಲ್ಲ.

ಹಳೇ ಪ್ರತಿಯನ್ನೇ ಹೊರಗೆ ತೆಗೆದು, ಶುರುವಿಗೆ "ಸೇತುವೆಗೆ ಇನ್ನೂ ಕಂಬ ಏಳದ ಕಾಲ" ಎಂದು ಸೇರಿಸಿದೆ. ಆ ಹಾಲಿನ ಕ್ಯಾನು ಇಬ್ಬರಲ್ಲಿ ಯಾರದ್ದು ಅಂತ ಗೆಳೆಯ ಇನ್ನೂ ಕೇಳುತ್ತಿದ್ದಾನೆ. ಹಗ್ಗದ ಹುಡುಗನಿಗೇ ಗೊತ್ತಿಲ್ಲ, ನಾನು ಹೇಗೆ ಹೇಳಲಿ?