ಮದುವೆಯ ಉಡುಗೊರೆಗೆ ಲೇಸ್ ಶಾಲು ಹೆಣೆಯುವ ಕ್ರಮ

ಇಲ್ಲಿ ವಿವರಿಸುವ ಶಾಲು ಸುಮಾರು 48 ಸೆಂ.ಮೀ. ಅಗಲ, 175 ಸೆಂ.ಮೀ. ಉದ್ದವಿದ್ದು, ಅದಕ್ಕೆ ಹೆಚ್ಚುಕಡಿಮೆ 440 ಸಾಲುಗಳು ಬೇಕಾಗುತ್ತವೆ. ದಿನಕ್ಕೆ ಎಂಟು ಸಾಲಿನಂತೆ ಹೆಣೆದರೂ 55 ದಿನಗಳು ಹಿಡಿಯುವುದರಿಂದ, ಮದುವೆಗೆ ಮೂರು ತಿಂಗಳು ಇರುವಾಗಲೇ ಕಡ್ಡಿ ಹಿಡಿಯುವುದು ಕ್ಷೇಮ. ಸ್ಕಾಟ್‌ಲೆಂಡಿನ ಶೆಟ್‌ಲೆಂಡ್ ದ್ವೀಪಗಳಲ್ಲಿ ಇಡೀ ಶಾಲು ಮದುವೆಯ ಉಂಗುರದೊಳಗಿಂದ ನುಸುಳಿ ಬರುವಷ್ಟು ನವಿರಾಗಿ ಹೆಣೆಯುವ ಸಂಪ್ರದಾಯವಿದೆ. ಅದನ್ನು ಕಂಡು ಮೊದಲ ಪ್ರಯತ್ನದಲ್ಲೇ ಅಂಥದಕ್ಕೆ ಕೈ ಹಾಕಿದವರ ಉಡುಗೊರೆ ಬಹುಶಃ ಮದುವೆಯ ದಿನಕ್ಕೆ ಮುಗಿಯಲಾರದು. ಅದೇ ದ್ವೀಪಗಳ ಅಲೆಯಲೆಯಾದ ಇನ್ನೊಂದು ವಿನ್ಯಾಸವು ನಾಲ್ಕೇ ಸಾಲುಗಳಲ್ಲಿ ಮುಗಿದು ಮರುಕಳಿಸುತ್ತದೆ. ಅದನ್ನೇ ಆರಿಸಿಕೊಳ್ಳೋಣ.

100 ಗ್ರಾಂಗೆ ಸುಮಾರು 800 ಮೀಟರ್ ಉದ್ದ ಬರುವ ಉಣ್ಣೆಯ ಅಥವಾ ಉಣ್ಣೆ-ರೇಷ್ಮೆ ಮಿಶ್ರಣದ ತೆಳು ನೂಲು, 3.75 ಮಿ.ಮೀ. ಕಡ್ಡಿಗಳು ಮತ್ತು ಗುರುತಿಗಾಗಿ ಕಡ್ಡಿಗೆ ತೊಡಿಸುವ ಕೆಲವು ಪುಟ್ಟ ಬಳೆಗಳು ಸಾಕು. ಅಕ್ರಿಲಿಕ್ ನೂಲು ಬೇಡ. ಅದನ್ನು ನೆನೆಸಿ ಎಳೆದು ಒಣಗಿಸಿದರೂ ಉಣ್ಣೆಯಂತೆ ಆಕಾರ ನಿಲ್ಲುವುದಿಲ್ಲ. ಬಣ್ಣ ತಿಳಿಯಾಗಿರಲಿ, ಏಕೆಂದರೆ ಗಾಢ ಬಣ್ಣದಲ್ಲಿ ರಂಧ್ರಗಳ ಚಿತ್ತಾರ ಕಾಣುವುದು ಕಷ್ಟ, ಹೆಣೆಯುವಾಗ ಕಣ್ಣಿಗೂ ಶ್ರಮ. ಮೊದಲು ಚಿಕ್ಕ ಮಾದರಿಯೊಂದನ್ನು ಹೆಣೆದು, ತೊಳೆದು, ಒಣಗಿಸಿ ಅಳೆಯಿರಿ, 10 ಸೆಂ.ಮೀ.ಗೆ ಸುಮಾರು 20 ಕುಣಿಕೆಗಳು ಬಾರದಿದ್ದರೆ ಕಡ್ಡಿಯ ಗಾತ್ರವನ್ನು ಬದಲಿಸಿ.

ಎರಡು ಕಡ್ಡಿಗಳನ್ನು ಜೋಡಿಸಿ ಹಿಡಿದು, ಸಡಿಲವಾಗಿ 96 ಕುಣಿಕೆಗಳನ್ನು ಏರಿಸಿಕೊಳ್ಳಿ. ಎರಡೂ ಅಂಚಿನ ಮೂರು ಮೂರು ಕುಣಿಕೆಗಳನ್ನು ಪ್ರತಿ ಸಾಲಿನಲ್ಲೂ ಸೀದಾ (ನಿಟ್) ಹೆಣೆಯಬೇಕು. ನಡುವಿನ 90 ಕುಣಿಕೆಗಳನ್ನು 18ರಂತೆ ಐದು ಭಾಗ ಮಾಡಿ, ಭಾಗಗಳ ನಡುವೆ ಗುರುತಿನ ಬಳೆಗಳನ್ನು ಹಾಕಿರಿ. ಮೊದಲ ಸಾಲು ಪೂರ್ತಿ ಸೀದಾ, ಎರಡನೆಯದು ಅಂಚುಗಳನ್ನು ಬಿಟ್ಟು ಉಲ್ಟಾ (ಪರ್ಲ್). ಮೂರನೆಯ ಸಾಲಿನಲ್ಲಿ, ಪ್ರತಿ ಭಾಗದಲ್ಲೂ ಎರಡೆರಡು ಕುಣಿಕೆಗಳನ್ನು ಕೂಡಿಸಿ ಹೆಣೆಯುವುದನ್ನು ಮೂರು ಸಲ, ನೂಲನ್ನು ಕಡ್ಡಿಗೆ ಒಮ್ಮೆ ಸುತ್ತಿ ಒಂದು ಕುಣಿಕೆ ಹೆಣೆಯುವುದನ್ನು ಆರು ಸಲ, ಮತ್ತೆ ಎರಡೆರಡು ಕೂಡಿಸುವುದನ್ನು ಮೂರು ಸಲ ಮಾಡಬೇಕು. ಆರು ಕುಣಿಕೆ ಕಳೆದು ಆರು ಕೂಡುವುದರಿಂದ ಎಣಿಕೆ ಮತ್ತೆ 18ಕ್ಕೇ ಬಂದು ನಿಲ್ಲುತ್ತದೆ. ಹಾಗೆ ನಿಲ್ಲದಿದ್ದರೆ ಎಲ್ಲೋ ಒಂದು ಸುತ್ತು ತಪ್ಪಿದೆ ಎಂದರ್ಥ. ನಾಲ್ಕನೆಯ ಸಾಲನ್ನು ಪೂರ್ತಿ ಸೀದಾ ಹೆಣೆದಾಗ ಶಾಲಿನ ಮುಂಬದಿಯಲ್ಲಿ ಒಂದು ಏಣು ಮೂಡಿ, ಅಲೆ ಎದ್ದು ಕಾಣುತ್ತದೆ.

ಪ್ರತಿ 12 ಸಾಲಿಗೊಮ್ಮೆ ಬೇರೆ ಬಣ್ಣದ ನುಣುಪಾದ ಹತ್ತಿ ದಾರವನ್ನು ಸೂಜಿಯಿಂದ ಎಲ್ಲ ಕುಣಿಕೆಗಳೊಳಗೂ ಹಾಯಿಸಿಬಿಡಿ, ಆದರೆ ಗುರುತಿನ ಬಳೆಗಳೊಳಗೆ ಹಾಯಿಸಬೇಡಿ. ಲೇಸಿನಲ್ಲಿ ಜಾರಿದ ಒಂದು ಕುಣಿಕೆ ತನ್ನ ಜೊತೆಗೆ ಸುತ್ತಿದ ನೂಲನ್ನೂ ಬಿಚ್ಚಿಕೊಂಡು ಹೋಗುವುದರಿಂದ, ಅದನ್ನು ಹಿಂದಕ್ಕೆ ಹಿಡಿಯುವುದು ಬಲು ಕಷ್ಟ. ಈ ದಾರವಿದ್ದರೆ ಅಲ್ಲಿಯವರೆಗೆ ಮಾತ್ರ ಬಿಚ್ಚಿದರಾಯಿತು. ಇದು ಅನಗತ್ಯ ಉಪಚಾರವೆಂದು ಬಗೆದು ನಾನು ಒಮ್ಮೆ ಅರ್ಧ ಶಾಲನ್ನೇ ಮತ್ತೆ ಉಂಡೆ ಸುತ್ತಬೇಕಾಯಿತು.

ಮುಗಿಸುವಾಗ ಅಂಚು ಬಿಗಿಯಾದರೆ ಶಾಲು ಆ ತುದಿಯಲ್ಲಿ ಮುದುಡುತ್ತದೆ. ಎರಡು ಕುಣಿಕೆಗಳನ್ನು ಹಿಂಬದಿಯಿಂದ ಕೂಡಿಸಿ ಹೆಣೆದು, ಉಳಿದ ಒಂದನ್ನು ಎಡಗಡ್ಡಿಗೆ ಮರಳಿಸಿ, ಮುಂದಿನದರೊಂದಿಗೆ ಮತ್ತೆ ಕೂಡಿಸುತ್ತಾ ಹೋದರೆ ಅಂಚು ಚೆನ್ನಾಗಿ ಹಿಗ್ಗುತ್ತದೆ.

ಕಡ್ಡಿಯಿಂದ ಇಳಿದ ಶಾಲು ಮುದುರಿದ ಚಿಂದಿಯಂತೆ ಕಾಣುತ್ತದೆ, ಇದಕ್ಕಾಗಿ ಎದೆಗುಂದಬೇಕಿಲ್ಲ. ನೂಲಿನ ತುದಿಗಳನ್ನು ಒಳಗೆ ಪೋಣಿಸಿ, ಇನ್ನೂ ಕತ್ತರಿಸದೆ, ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ. ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ ನೀರನ್ನು ತೆಗೆಯಿರಿ. ಆಮೇಲೆ ಹಾಸಿಗೆಯ ಮೇಲೋ ದಪ್ಪ ಹಾಸಿನ ಮೇಲೋ ಹರಡಿ, ಅಲೆಗಳ ಒಂದೊಂದು ತುದಿಗೂ ತುಕ್ಕು ಹಿಡಿಯದ ಪಿನ್ನು ಚುಚ್ಚುತ್ತಾ, ಬೇಕಾದ ಅಳತೆಗೆ ಧೈರ್ಯವಾಗಿ ಎಳೆಯಿರಿ. ಪೂರ್ತಿ ಒಣಗುವ ಮೊದಲು ಪಿನ್ನು ತೆಗೆದರೆ ಅದು ಮತ್ತೆ ಕುಗ್ಗುತ್ತದೆ. ಒಣಗಿದ ನಂತರ ನೂಲಿನ ತುದಿಗಳನ್ನು ಕತ್ತರಿಸಿ.

ಉಡುಗೊರೆಯ ಜೊತೆಗೆ ತೊಳೆಯುವ ವಿಧಾನವನ್ನು ಚೀಟಿಯಲ್ಲಿ ಬರೆದಿಡಿ. ಎಂದಾದರೂ ಎಳೆ ಹರಿದರೆ ಸರಿಪಡಿಸಲು ಉಳಿದ ನೂಲಿನ ಪುಟ್ಟ ಉಂಡೆಯೊಂದನ್ನೂ ಸೇರಿಸಿ.