ಕಲ್ಲಿದ್ದಲು ವ್ಯಾಗನ್‌ ಕಿಟ್: ನಾಲ್ಕೂ ಗಾಲಿ ಹಳಿಗೆ ಕೂರುವಂತೆ ಕಟ್ಟುವುದು ಹೇಗೆ?

ಮಾದರಿ ರೈಲು ಕಟ್ಟುವ ಆಸೆಯಿದ್ದರೆ ಎಂಜಿನ್ನಿಗೆ ಕೈ ಹಾಕುವ ಮುಂಚೆ ನಾಲ್ಕು ಗಾಲಿಯ ಒಂದು ವ್ಯಾಗನ್ ಕಟ್ಟಿ. ಬ್ರಿಟಿಷ್ ರೈಲ್ವೇಸ್‌ನ 16 ಟನ್ನಿನ ಕಲ್ಲಿದ್ದಲು ವ್ಯಾಗನ್ ಇದಕ್ಕೆ ಹೇಳಿ ಮಾಡಿಸಿದಂತಿದೆ. 1950ರ ದಶಕದಲ್ಲಿ ಲಕ್ಷಗಟ್ಟಲೆ ಓಡಾಡಿದ ಉಕ್ಕಿನ ತೊಟ್ಟಿ ಅದು. ‘ಡಬಲ್ ಓ’ ಅಳತೆಯಲ್ಲಿ ಅಸಲಿನ ಒಂದು ಅಡಿಗೆ 4 ಮಿ.ಮೀ. ಹಾಗಾಗಿ 16 ಅಡಿ 6 ಇಂಚಿನ ಚೌಕಟ್ಟು 66 ಮಿ.ಮೀ. ಆಗುತ್ತದೆ, ಆಕ್ಸಲ್‌ಗಳ (ಗಾಲಿಯ ಇರುಸುಗಳ) ನಡುವಿನ 9 ಅಡಿ 36 ಮಿ.ಮೀ. ಆಗುತ್ತದೆ. ಎರಡು ಹಳಿಗಳ ನಡುವಿನ ಅಂತರ ಮಾತ್ರ ಈ ಲೆಕ್ಕಕ್ಕೆ ಸಿಗದ 16.5 ಮಿ.ಮೀ.

ಬೇಕಾದ ಸಾಮಾನು: ಕಿಟ್, 12 ಮಿ.ಮೀ. ವ್ಯಾಸದ ಲೋಹದ ಗಾಲಿ ಎರಡು ಜೊತೆ, ಹಿತ್ತಾಳೆ ಬೇರಿಂಗ್ ನಾಲ್ಕು (ಕೆಲವು ಕಿಟ್‌ಗಳಲ್ಲಿ ಗಾಲಿ, ಬೇರಿಂಗ್ ಇರುವುದಿಲ್ಲ, ಕೊಳ್ಳುವಾಗಲೇ ನೋಡಿಕೊಳ್ಳಿ), ಪ್ಲಾಸ್ಟಿಕ್ ಬೆಸೆಯುವ ಬ್ಯೂಟನೋನ್ ದ್ರಾವಕ, ಸಣ್ಣ ಬ್ರಷ್, ಹರಿತವಾದ ಬ್ಲೇಡು, ಅರ, ಚಿಕ್ಕ ಮೂಲೆಮಟ್ಟ, ಒಂದು ದಪ್ಪ ಗಾಜಿನ ತುಂಡು. ದ್ರಾವಕದ ಆವಿ ಒಳ್ಳೆಯದಲ್ಲ. ಕಿಟಕಿ ತೆರೆದಿಟ್ಟು ಕೂತುಕೊಳ್ಳಿ, ಹತ್ತಿರ ಬೆಂಕಿ ಬೇಡ.

ಮೊದಲು ಬಿಡಿಭಾಗಗಳನ್ನು, ಅವು ಅಂಟಿಕೊಂಡು ಬರುವ ಅಚ್ಚಿನ ಚೌಕಟ್ಟಿನಲ್ಲಿರುವಾಗಲೇ, ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಭಾಗಗಳನ್ನು ಮುರಿದು ತೆಗೆಯದೆ ಬ್ಲೇಡಿನಲ್ಲಿ ಕತ್ತರಿಸಿ ತೆಗೆಯಿರಿ, ಉಳಿದ ಮೊಳಕೆಯನ್ನು ಅರದಿಂದ ಸವರಿ.

ಒಂದು ಪಕ್ಕ, ಒಂದು ತುದಿ ಸೇರಿಸಿ ‘ಎಲ್’ ಆಕಾರ ಮಾಡಿ. ಅಂಥವು ಎರಡು. ಮೂಲೆಮಟ್ಟ ಹಿಡಿದು ನೋಡಿ, ನಂತರ ತಳದ ಹಲಗೆಯ ಸುತ್ತ ಎರಡನ್ನೂ ಕೂಡಿಸಿ. ದ್ರಾವಕವನ್ನು ಅಂಟಿನಂತೆ ಬಳಿಯುವುದಲ್ಲ. ಭಾಗಗಳನ್ನು ಒತ್ತಿ ಹಿಡಿದು, ಸಂದಿಗೆ ಒಳಗಡೆಯಿಂದ ಬ್ರಷ್‌ನ ತುದಿ ತಾಗಿಸಿದರೆ ಸಾಕು, ಅದೇ ಸರಸರ ಹರಿದು ಒಳಗೆ ಹೋಗುತ್ತದೆ. ಜಾಸ್ತಿಯಾದರೆ ಪ್ಲಾಸ್ಟಿಕ್ ಮೆತ್ತಗಾಗಿ, ಕೆಲವು ತಿಂಗಳಲ್ಲಿ ಉದ್ದದ ಪಕ್ಕಗಳು ಒಳಕ್ಕೆ ಬಾಗುತ್ತವೆ. ಈ ತೆರೆದ ತೊಟ್ಟಿಯಲ್ಲಿ ಅದು ಮಾಮೂಲಿ ಕಾಟ. ನಡುವೆ ಒಂದು ಅಡ್ಡಪಟ್ಟಿ ಕೊಟ್ಟು ಮೇಲೆ ಕಲ್ಲಿದ್ದಲಿನ ರಾಶಿ ಕೂರಿಸಿದರೆ ತೊಂದರೆಯಿಲ್ಲ.

ಇನ್ನು ಗಾಲಿ. ವ್ಯಾಗನ್ ಓಡುತ್ತದೋ ಹಳಿ ತಪ್ಪುತ್ತದೋ ಎಂಬುದು ನಿರ್ಧಾರವಾಗುವುದು ಇಲ್ಲೇ, ಹಾಗಾಗಿ ಅವಸರ ಬೇಡ. ಸೋಲ್‌ಬಾರ್‌ನಲ್ಲಿ (ತಳದಡಿ ಉದ್ದಕ್ಕೆ ಬರುವ, ಗಾಲಿ ಹಿಡಿದಿಡುವ ಪಕ್ಕದ ತೊಲೆ) ಬೇರಿಂಗ್ ಕೂರುವ ಗುಂಡಿಯನ್ನು 2 ಮಿ.ಮೀ. ಡ್ರಿಲ್ ಬಿಟ್‌ನಿಂದ ಕೈಯಲ್ಲೇ ತಿರುಗಿಸಿ ಸರಿಮಾಡಿ. ಯಂತ್ರ ಬಳಸಿದರೆ ಗುಂಡಿಯ ಹೊರಬದಿಯ ಆಕ್ಸಲ್ ಪೆಟ್ಟಿಗೆಯೇ ತೂತಾಗುತ್ತದೆ. ಬೇರಿಂಗ್‌ನ ಅಂಚು ಪ್ಲಾಸ್ಟಿಕ್ಕಿಗೆ ಸರಿಯಾಗಿ ತಾಗಿ ಕೂರಬೇಕು. ಅದು ಕೂದಲೆಳೆಯಷ್ಟು ಹೊರಚಾಚಿದರೂ 26 ಮಿ.ಮೀ. ಆಕ್ಸಲ್ ಬಿಗಿಯಾಗಿ, ಗಾಲಿ ತಿರುಗದೆ ಉಜ್ಜಿಕೊಂಡು ಹೋಗುತ್ತದೆ.

ಒಂದು ಸೋಲ್‌ಬಾರನ್ನು ತಳಕ್ಕೆ ನೆಟ್ಟಗೆ ಅಂಟಿಸಿ ಪೂರ್ತಿ ಗಟ್ಟಿಯಾಗಲು ಬಿಡಿ. ಎರಡನೆಯದನ್ನು ಗಾಲಿಗಳನ್ನು ಕೂರಿಸಿಕೊಂಡೇ ಅಂಟಿಸಬೇಕು. ಅಂಟು ಹಸಿಯಿರುವಾಗಲೇ ವ್ಯಾಗನ್ನನ್ನು ಗಾಜಿನ ಮೇಲೆ ನಿಲ್ಲಿಸಿ, ಒಂದೊಂದು ಮೂಲೆಯನ್ನೂ ಬೆರಳಿನಿಂದ ಮೆಲ್ಲಗೆ ಒತ್ತಿ. ಕುಂಟು ಸ್ಟೂಲಿನಂತೆ ‘ಟಕ್’ ಎಂದು ಅಲ್ಲಾಡಿದರೆ ಒಂದು ಗಾಲಿ ಮೇಲೆದ್ದಿದೆ ಎಂದರ್ಥ. ಸೋಲ್‌ಬಾರನ್ನು ಸ್ವಲ್ಪ ಸರಿಸಿ ಮತ್ತೆ ಒತ್ತಿ ನೋಡಿ. ಗಾಲಿಯನ್ನು ಬೆರಳಲ್ಲಿ ಚಿಮ್ಮಿದರೆ ಸಲೀಸಾಗಿ ಸುತ್ತಬೇಕು, ಆಕ್ಸಲ್ ಪಕ್ಕಕ್ಕೆ ತುಸುವೇ ಆಡಬೇಕು. ಗಾಲಿಗಳ ಹಿಂಬದಿಗಳ ನಡುವಿನ ಅಂತರ 14.5 ಮಿ.ಮೀ. ಇದೆಯೇ ಎಂದು ಕ್ಯಾಲಿಪರ್‌ನಿಂದ ಅಳೆಯಿರಿ. ಕಡಿಮೆಯಿದ್ದರೆ ಹಳಿ ಕವಲೊಡೆಯುವಲ್ಲಿ ಗಾಲಿ ಹತ್ತಿ ಇಳಿಯುತ್ತದೆ.

ಬರೀ ಪ್ಲಾಸ್ಟಿಕ್ ತೀರಾ ಹಗುರ. ಆಕ್ಸಲ್‌ಗೆ 25 ಗ್ರಾಂನಂತೆ ಒಟ್ಟು 50 ಗ್ರಾಂ ತೂಕ ಬರಿಸಿ. ಟೈರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸಿಂಗ್‌ಗೆ ಅಂಟಿಸುವ 5 ಗ್ರಾಂ ಬಿಲ್ಲೆಗಳು ತಳದಡಿ ಸೋಲ್‌ಬಾರ್‌ಗಳ ನಡುವೆ ಚೆನ್ನಾಗಿ ಕೂರುತ್ತವೆ, ಉಳಿದದ್ದನ್ನು ಕಲ್ಲಿದ್ದಲಿನಡಿ ಬಚ್ಚಿಡಬಹುದು. ಸೀಸದ ಗುಂಡುಗಳನ್ನು ಮಾತ್ರ ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ಕೂಡಿಸಬೇಡಿ. ಸೀಸ ಅದರೊಂದಿಗೆ ಪ್ರತಿಕ್ರಿಯಿಸಿ ಬರಬರುತ್ತ ಉಬ್ಬುತ್ತದೆ, ವರ್ಷಗಳ ನಂತರ ಮಾದರಿಯನ್ನೇ ಸೀಳುತ್ತದೆ. ಎಪಾಕ್ಸಿ ಬಳಸಿ.

ಬ್ರೇಕ್ ಸನ್ನೆ, ಬಫರ್ ಕೊನೆಗೆ. ಬ್ರೇಕ್ ಬ್ಲಾಕ್ ಗಾಲಿಯ ನೇರಕ್ಕೆ ಬರಬೇಕು, ತಾಗಬಾರದು. ಕೊಂಡಿಯ ಎತ್ತರವನ್ನು ನಿಮ್ಮಲ್ಲಿರುವ ಇನ್ನೊಂದು ವ್ಯಾಗನ್ ಪಕ್ಕದಲ್ಲಿಟ್ಟು ಹೊಂದಿಸಿ.

ಪ್ರೈಮರ್ ಆದ ಮೇಲೆ ಬೂದು ಬಣ್ಣ. ಮಳೆಗಾಲದ ತೇವದಲ್ಲಿ ಸ್ಪ್ರೇ ಹೊಡೆದರೆ ಬಣ್ಣದ ಮೇಲೆ ಬಿಳಿ ಮಂಜು ಕಟ್ಟುತ್ತದೆ, ಒಣ ದಿನಕ್ಕೆ ಕಾಯಿರಿ. ಅಕ್ಷರಗಳ ಟ್ರಾನ್ಸ್‌ಫರ್ (ನೀರಲ್ಲಿ ನೆನೆಸಿ ಅಂಟಿಸುವ ಅಚ್ಚಿನ ಹಾಳೆ) ಅಂಟಿಸುವ ಜಾಗಕ್ಕೆ ಮೊದಲು ಹೊಳಪಿನ ವಾರ್ನಿಷ್ ಬಳಿಯಿರಿ, ಇಲ್ಲದಿದ್ದರೆ ಒರಟು ಮೈಯಲ್ಲಿ ಗಾಳಿ ಸಿಕ್ಕಿಕೊಂಡು ಅದು ಬೆಳ್ಳಗೆ ಮಿನುಗುತ್ತದೆ. ಪಕ್ಕದಲ್ಲಿ ಓರೆಯಾಗಿ ಹೋಗುವ ಬಿಳಿ ಪಟ್ಟೆ ಅಲಂಕಾರವಲ್ಲ, ತುದಿ ಬಾಗಿಲು ಯಾವ ಕಡೆಗಿದೆ ಎಂದು ಕೆಲಸಗಾರರಿಗೆ ತೋರಿಸುತ್ತಿದ್ದ ಗುರುತು. ಪಟ್ಟೆಯ ಮೇಲ್ತುದಿ ಆ ಬಾಗಿಲ ಕಡೆಗೇ ಏರಬೇಕು. ಎರಡು ಪಕ್ಕಗಳಲ್ಲಿ ಅದು ಎದುರುಬದುರಾಗಿ ಕಾಣುವುದರಿಂದ, ಟ್ರಾನ್ಸ್‌ಫರನ್ನು ನೀರಲ್ಲಿ ನೆನೆಸುವ ಮುಂಚೆ ವ್ಯಾಗನ್ನನ್ನು ತಿರುಗಿಸಿ ಬಾಗಿಲು ಎಲ್ಲಿದೆ ಎಂದು ಇನ್ನೊಮ್ಮೆ ನೋಡಿಕೊಳ್ಳಿ.