ಕಂದು ಜಿರ್ಕಾನ್ ಕೊನೆಗೂ ನೀಲಿಯಾಯಿತು: ನನ್ನ ಅನುಭವ

ಮನೆಯ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದರೆ ಜಿರ್ಕಾನ್ ಎಂಬ ರತ್ನದ ಕಲ್ಲು ನೀಲಿಯಾಗುವುದಿಲ್ಲ ಎಂದು ನನಗೆ ಹೇಳದ ಹರಳು ಕೆಲಸಗಾರರೇ ಇಲ್ಲ. ಕಲ್ಲು ಸಿಡಿಯುತ್ತದೆ, ಸಿಡಿಯದಿದ್ದರೆ ಬಣ್ಣ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ ಎಂಬುದು ಅವರ ವಾದ. ಈಗ ಡಿಸೆಂಬರ್‌ನಲ್ಲಿ ಹುಟ್ಟಿದವರಿಗೆ ಜನ್ಮರತ್ನವಾಗಲೆಂದು ನಾನೇ ಕಾಯಿಸಿ, ನಾನೇ ಸಾಣೆ ಹಿಡಿದ ನೀಲಿ ಹರಳುಗಳು ನನ್ನ ಪೆಟ್ಟಿಗೆಯಲ್ಲಿವೆ. ವಾದಿಸಿದವರಲ್ಲೇ ಕೆಲವರು ಅವನ್ನು ಕೊಂಡೊಯ್ದಿದ್ದಾರೆ.

ಕಚ್ಚಾ ಕಲ್ಲು ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಕಾಂಬೋಡಿಯಾದ ರತನಕಿರಿಯ ಕೆಂಗಂದು ಕಲ್ಲು ನೀಲಿಯಾಗುತ್ತದೆ. ಶ್ರೀಲಂಕಾದ ಕಂದು ಮತ್ತು ಹಸಿರು ಕಲ್ಲುಗಳನ್ನೂ ಅದೇ ಮೂಸೆಯಲ್ಲಿ (ಕಲ್ಲು ಕಾಯಿಸುವ, ಬೆಂಕಿ ತಾಳುವ ಪಾತ್ರೆಯಲ್ಲಿ) ಇಟ್ಟು ನೋಡಿದೆ. ಕೆಲವು ತಿಳಿಯಾದವು, ನೀಲಿಯ ಸುಳಿವೇ ಇರಲಿಲ್ಲ. ‘ಎಲ್ಲ ಕಂದು ಕಲ್ಲೂ ಒಂದೇ’ ಎಂದು ಮಾರಿದವರ ಮಾತಿಗೆ ತೆತ್ತ ಹಣದಲ್ಲಿ ಒಳ್ಳೆಯ ನೀಲಿ ಹರಳುಗಳನ್ನೇ ಕೊಳ್ಳಬಹುದಿತ್ತು.

ಶಾಖದ ಅಂಕಿ ಎಲ್ಲರಿಗೂ ಗೊತ್ತು, 900ರಿಂದ 1000 ಡಿಗ್ರಿ ಸೆಲ್ಸಿಯಸ್. ತೊಡಕಿರುವುದು ಗಾಳಿಯಲ್ಲಿ. ಆಮ್ಲಜನಕ ನುಸುಳಿದರೆ ಕಲ್ಲು ಬಣ್ಣ ಕಳೆದುಕೊಳ್ಳುತ್ತದೆ ಇಲ್ಲವೇ ಹೊಂಬಣ್ಣಕ್ಕೆ ತಿರುಗುತ್ತದೆ. ನನಗೆ ಬಹುಕಾಲ ಆದದ್ದೂ ಅದೇ. ಇದ್ದಿಲ ಪುಡಿಯಲ್ಲಿ ಹೂತು ಮುಚ್ಚಳವಿಟ್ಟರೆ ಸಾಕು ಎಂಬ ಸಲಹೆ ಪಾಲಿಸಿದಾಗಲೆಲ್ಲ ಮೂಸೆಯ ಅಂಚಿನ ಕಲ್ಲುಗಳು ಹಳದಿ, ನಡುವಿನವು ಮಾತ್ರ ಮಾಸಲು ನೀಲಿ. ಈಗ ಮೂಸೆಯೊಳಗೆ ಮೂಸೆ ಇಡುತ್ತೇನೆ. ಎರಡರ ನಡುವೆಯೂ ಇದ್ದಿಲು ತುಂಬಿ, ಹೊರಗಿನದರ ಬಾಯಿಗೆ ಬೆಂಕಿ ತಾಳುವ ಜೇಡಿಮಣ್ಣು ಮೆತ್ತುತ್ತೇನೆ. ಶಾಖ ಏರಿಸಲು ಅರ್ಧ ದಿನ, ಮೇಲಿನ ಶಾಖದಲ್ಲಿ ಸುಮಾರು ಎರಡು ಗಂಟೆ, ಆಮೇಲೆ ತಾನಾಗಿ ತಣಿಯುವವರೆಗೆ ಕುಲುಮೆಯ ಬಾಗಿಲು ತೆರೆಯುವುದಿಲ್ಲ. ಇದ್ದಿಲಿನೊಂದಿಗೆ ಬೆರೆಸುವ ಇನ್ನೊಂದು ಪುಡಿಯ ಹೆಸರನ್ನು ಮಾತ್ರ ಹೇಳುವುದಿಲ್ಲ. ಅದಕ್ಕಾಗಿ ವರ್ಷಗಟ್ಟಲೆ ದುಡ್ಡು ಸುರಿದಿದ್ದೇನೆ. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಈಗ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಗಾಢ ನೀಲಿ ಬರುತ್ತದೆ, ಇನ್ನೊಂದು ಪಾಲು ತೆಳು ನೀಲಿ. ಉಳಿದವು ಬಿರುಕು ಬಿಟ್ಟವು ಅಥವಾ ಬಣ್ಣಗೆಟ್ಟವು. ಬಣ್ಣಗೆಟ್ಟವನ್ನು ಎಸೆಯಬೇಡಿ. ಇದ್ದಿಲಿಲ್ಲದೆ ಗಾಳಿಯಲ್ಲೇ ಮತ್ತೆ 900ರ ಸುತ್ತ ಕಾಯಿಸಿದರೆ ಹಲವು ಬಿಳಿ ಅಥವಾ ಹೊಂಬಣ್ಣದ ಹರಳಾಗುತ್ತವೆ. ಕುಲುಮೆಯ ತಂತಿ ಬದಲಿಸುವ ಖರ್ಚು ಹುಟ್ಟುವುದು ಇವುಗಳಿಂದಲೇ.

ಸಾಣೆಯಲ್ಲಿ ದಿಕ್ಕೇ ಮುಖ್ಯ. ಸ್ಫಟಿಕದ ಉದ್ದಕ್ಕೆ ನೋಡಿದಾಗ ನೀಲಿ ತುಂಬಿ ಕಾಣುತ್ತದೆ, ಅಡ್ಡಕ್ಕೆ ತಿರುಗಿಸಿದರೆ ಸಪ್ಪೆ. ಹಾಗಾಗಿ ಮೇಲ್ಮುಖವನ್ನು ಉದ್ದಕ್ಕೆ ಲಂಬವಾಗಿಯೇ ಕಡೆಯುತ್ತೇನೆ, ತೂಕ ಕಳೆದರೂ ಸರಿ. ಹೀಗೆ ಕಡೆದರೆ ಕೆಳಗಿನ ಅಂಚುಗಳು ಎರಡೆರಡಾಗಿ ಕಾಣುವ ದೋಷವೂ ನೇರ ನೋಟಕ್ಕೆ ಮರೆಯಾಗುತ್ತದೆ. ಅದೇ ಇಮ್ಮಡಿ ಗೆರೆ ನನ್ನ ಸಾಕ್ಷಿಯೂ ಹೌದು. ಜಿರ್ಕಾನ್ ಎಂದೊಡನೆ ಕೃತಕ ಕ್ಯೂಬಿಕ್ ಜಿರ್ಕೋನಿಯಾ ಎಂದು ಮೂಗು ಮುರಿಯುವವರ ಕೈಗೆ ಭೂತಗಾಜು ಕೊಟ್ಟು, ಹರಳನ್ನು ಓರೆ ಹಿಡಿದು ಪಕ್ಕದ ಮುಖದಿಂದ ನೋಡಿಸುತ್ತೇನೆ. ಜಿರ್ಕೋನಿಯಾದಲ್ಲಿ ಆ ಜೋಡಿಗೆರೆ ಇರುವುದಿಲ್ಲ. ಭೂಮಿಯಲ್ಲೇ ಹುಟ್ಟಿದ, ಈವರೆಗೆ ಸಿಕ್ಕಿರುವ ಅತಿ ಹಳೆಯ ಖನಿಜದ ಕಣವೇ ಜಿರ್ಕಾನ್, ಸುಮಾರು 440 ಕೋಟಿ ವರ್ಷದ್ದು. ಅದನ್ನು ನಕಲಿ ಎನ್ನುವುದನ್ನು ನಾನು ಸಹಿಸುವುದಿಲ್ಲ. ಈ ನೀಲಿಗೆ ‘ಸ್ಟಾರ್‌ಲೈಟ್’ ಎಂಬ ಹೆಸರಿಡಲು ರತ್ನತಜ್ಞ ಜಾರ್ಜ್ ಕುಂಜ್ ಬಯಸಿದ್ದರು, ಅದು ನಿಲ್ಲಲಿಲ್ಲ. ಜಿರ್ಕಾನ್ ನಿದ್ದೆ ತರುತ್ತದೆ, ಕೆಡುಕನ್ನು ದೂರವಿಡುತ್ತದೆ ಎಂದು ಮಧ್ಯಯುಗದ ಯುರೋಪಿನವರು ನಂಬಿದ್ದರು. ಕೊಳ್ಳುವವರಿಗೆ ಆ ಕಥೆ ಹೇಳುತ್ತೇನೆ, ಭರವಸೆ ಕೊಡುವುದಿಲ್ಲ.

ಬಣ್ಣ ನಿಲ್ಲುವುದಿಲ್ಲ ಎಂಬ ಮಾತನ್ನೂ ಪರೀಕ್ಷಿಸಿದೆ. ಅತಿನೇರಳೆ ದೀಪದ ಕೆಳಗಿಟ್ಟ ಹರಳಿಗೆ ಕಂದು ಛಾಯೆ ಬಂತು, ನಿಜ. ಪ್ರಖರವಾದ ಸಾಮಾನ್ಯ ದೀಪದಡಿ ಬಿಟ್ಟಾಗ ನೀಲಿ ಮರಳಿತು. ಉಗುರುಬಣ್ಣ ಒಣಗಿಸುವ ದೀಪಕ್ಕೆ ಕೈಯೊಡ್ಡುವ ಮುನ್ನ ಉಂಗುರ ತೆಗೆದಿಡಿ ಎಂದು ಕೊಳ್ಳುವವರಿಗೆಲ್ಲ ಹೇಳುತ್ತೇನೆ.

ಕಾಯಿಸಿದ ಜಿರ್ಕಾನ್ ಗಟ್ಟಿಯಾದರೂ ಪೆಳಸು, ಅಂಚುಗಳು ಬೇಗ ಸವೆಯುತ್ತವೆ. ಒಂದೇ ಪೊಟ್ಟಣದಲ್ಲಿ ಒಂದಕ್ಕೊಂದು ಉಜ್ಜಿದರೂ ಸಾಕು. ಪ್ರತಿ ಹರಳಿಗೂ ಬೇರೆ ಕಾಗದ ಸುತ್ತುತ್ತೇನೆ. ತೊಳೆಯಲು ಉಗುರುಬೆಚ್ಚಗಿನ ಸಾಬೂನು ನೀರು, ಮೆದು ಬ್ರಷ್. ಅಲ್ಟ್ರಾಸಾನಿಕ್ ಯಂತ್ರಕ್ಕೂ ಹಬೆಗೂ ಒಡ್ಡುವುದಿಲ್ಲ. ಉಂಗುರಕ್ಕೆ ಕೂರಿಸುವುದಾದರೆ ಅಂಚನ್ನು ಸುತ್ತುವರಿಯುವ ಕಟ್ಟೇ ಆಗಬೇಕೆಂದು ಅಕ್ಕಸಾಲಿಗರಿಗೆ ಬರೆದುಕೊಡುತ್ತೇನೆ.